ಬಲೆಯ ಸೀಸದ ತೋಟಾ

ಯುದ್ಧದ ದೆಸೆಯಿಂದ ತೋಟಾ ಸಿಗದ ಕಾಲ. ಉಪ್ಪುಂದದ ಮೀನುಗಾರರು ಬಲೆ ಮುಳುಗಿಸಲು ಕಟ್ಟುವ ಸೀಸ ತಂದು ಕರಗಿಸಿ, ಜಾತ್ರೆಯಲ್ಲಿ ಸಿಡಿಸುವ ಗರ್ನಾಲಿನ ಮದ್ದು ತುಂಬಿ, ರೈಫಲ್ಲಿಗೆ ನಾನೇ ತೋಟಾ ಮಾಡಿದೆ. ನನ್ನಂಥ ಗುರಿಕಾರ ನಮ್ಮೂರು ಯಡ್ತರೆಯಲ್ಲಿ ಇನ್ನೊಬ್ಬನಿರಲಿಲ್ಲ. ಹಂದಿಬೇಟೆಗೆ ಕೋವಿಯವರನ್ನು ಆರಿಸುತ್ತಿದ್ದ ನಿವೃತ್ತ ಸುಬೇದಾರರು ನನ್ನನ್ನು ಗುರಿಮೈದಾನಕ್ಕೆ ಕರೆದು, ದೂರದಲ್ಲಿ ನೆಟ್ಟ ಹಲಗೆ ತೋರಿಸಿದರು.

"ಹಲ್ಗಿಗೆ ತಾಗ್ರೆ ನಾಳೆ ಕೋವಿ ಹಿಡ್ಕಂಡ್ ಬಾ. ಇಲ್ದಿರೆ ಬ್ಯಾಡ."

ಹೊಡೆದೆ. ಗುಡ್ಡವೇ ನಡುಗಿತು. ಹೊಗೆ ಸರಿದಾಗ ನೋಡಿದರೆ, ಗುಂಡು ಹತ್ತೇ ಮಾರು ದೂರದಲ್ಲಿ ಹುಲ್ಲಿನ ಮೇಲೆ ಮಲಗಿತ್ತು.

ಸುಬೇದಾರರು ಅದನ್ನು ಹೆಕ್ಕಿ ನನ್ನ ಕೈಗಿಟ್ಟರು. "ಎಂತ ಮಾರಾಯ, ಇದಕ್ಕೆ ಮುಳ್ಗುದೇ ಅಭ್ಯಾಸ. ಆರೆ ಸದ್ದ್ ಲಾಯ್ಕಿತ್ತ್. ನಾಳೆ ಡಬ್ಬಿ ಬಡುಕೆ ಬಾ."

ಮರುದಿನ ಹಂದಿ ಬಿತ್ತು. ಹೊಡೆದವರು ಯಾರೇ ಇರಲಿ, ಅದನ್ನು ಪೊದೆಯಿಂದ ಎಬ್ಬಿಸಿದ್ದು ನನ್ನ ಡಬ್ಬಿ.