ಹೊಳಪಿನ ವೈರಿ

ಕುಮಟಾ ಪೇಟೆಯಲ್ಲಿ ನನ್ನ ಚಷ್ಮಾ ಅಂಗಡಿಗೂ ಅಣ್ಣಪ್ಪ ನಾಯ್ಕನ ಫೋಟೋ ಸ್ಟುಡಿಯೋಕ್ಕೂ ನಡುವೆ ಇರುವುದು ಒಂದೇ ಗೋಡೆ. ಇಪ್ಪತ್ತೆಂಟು ವರ್ಷದಿಂದ ನಾನು ಗಾಜು ಮಾರುತ್ತ ಬಂದಿದ್ದೇನೆ, ಅವನು ಗಾಜನ್ನು ಬೈಯುತ್ತ ಬಂದಿದ್ದಾನೆ. ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದವರ ಚಷ್ಮಾದಲ್ಲಿ ಲೈಟು ಹೊಳೆಯುತ್ತದೆಂದು, ಗಾಜಿಲ್ಲದ ಐದು ಖಾಲಿ ಫ್ರೇಮುಗಳನ್ನು ನನ್ನಿಂದಲೇ ಒಯ್ದು ಮೊಳೆಗೆ ನೇತುಹಾಕಿಕೊಂಡಿದ್ದಾನೆ. ನಮ್ಮೂರಿನ ಮಾಸ್ತರರೆಲ್ಲ ಗುರುತಿನ ಚೀಟಿಯಲ್ಲಿ ಒಂದೇ ಕಪ್ಪು ಚಷ್ಮಾ ಹಾಕಿಕೊಂಡು ಕುಳಿತಿರುವುದು ಆ ಕಾರಣಕ್ಕೆ.

ಅಣ್ಣಪ್ಪನಿಗೆ ಹೊಳಪೆಂದರೆ ಆಗದು. ಅಪ್ಪ ಹೊನ್ನಾವರ ಬಂದರದಲ್ಲಿ ಹಮಾಲಿ ಮಾಡುತ್ತಿದ್ದವನು. ಮಗ ಅಲ್ಲಿಯದೇ ಒಂದು ಸ್ಟುಡಿಯೋದಲ್ಲಿ ಆರು ವರ್ಷ ಕಸ ಗುಡಿಸಿ, ನೆಗೆಟಿವ್ ತೊಳೆದು, ಕೊನೆಗೆ ಕ್ಯಾಮರಾ ಹಿಡಿದ. ಮುಖದ ಮೇಲೆ ಬೆಳಕು ಬೀಳಬೇಕೇ ಹೊರತು ಕೂರಬಾರದು ಎಂದು ಅಲ್ಲಿಯ ಮಾಲಕರು ತಲೆಗೆ ತುಂಬಿದ್ದರಂತೆ. ಅವನು ಅದನ್ನು ಬೇಕಾದ್ದಕ್ಕಿಂತ ಹೆಚ್ಚೇ ತುಂಬಿಕೊಂಡ. ಇಡಗುಂಜಿಯ ಮದುವೆಯೊಂದರಲ್ಲಿ ಮದುಮಗನ ಹಣೆ ಬೆವರಿ ಹೊಳೆಯುತ್ತಿದೆಯೆಂದು ಧಾರೆಯನ್ನೇ ತಡೆದು ಪೌಡರ್ ಹಚ್ಚಿದ. ಅಲ್ಲಿಗೂ ಬಿಡದೆ ಪುರೋಹಿತರ ಬೋಳುತಲೆಯ ಕಡೆ ಪಫ್ ಹಿಡಿದುಕೊಂಡು ಹೋಗಿ ಸರಿಯಾಗಿ ಬೈಸಿಕೊಂಡ.

ಫ್ರೇಮು ಹಾಕಿದ ಹಳೆಯ ಫೋಟೋ ಯಾರಾದರೂ ತಂದರೆ ಅವನ ಕ್ರಮ ನೋಡುವಂತಿತ್ತು. ಗಾಜಿನ ಮೇಲಿಂದ ಫೋಟೋ ತೆಗೆಯುವುದು ಅವನ ಪಾಲಿಗೆ ಪಾಪ. ಹಿಂದಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು, ರಟ್ಟು ಸರಿಸಿ, ಫೋಟೋವನ್ನು ಹೊರಗೆ ತೆಗೆಯುತ್ತಿದ್ದ. ನಮ್ಮ ಕರಾವಳಿಯ ಮಳೆಗಾಲಕ್ಕೆ ಹಳೆಯ ಫೋಟೋಗಳು ತಂಡಿ ಹಿಡಿದು ಗಾಜಿಗೇ ಅಂಟಿಕೊಂಡಿರುತ್ತವೆ. ಆಗ ಎರಡು ಹಳೆ ಕೊಡೆಗಳ ಕರಿಬಟ್ಟೆ ಬಿಚ್ಚಿ ಹೊಲಿದ ಒಂದು ಪರದೆ ಹೊರಬರುತ್ತಿತ್ತು. ಪರದೆಯ ನಡುವೆ ಲೆನ್ಸ್ ಹಿಡಿಸುವಷ್ಟೇ ತೂತು. ಅದರ ಹಿಂದೆ ನಿಂತು, ಲೈಟುಗಳನ್ನು ಎರಡೂ ಬದಿಗೆ ಸರಿಸಿ ಸರಿಸಿ, ಗಾಜಿನಲ್ಲಿ ಏನೂ ಕಾಣದ ತನಕ ಅವನು ಬಟನ್ ಒತ್ತುತ್ತಿರಲಿಲ್ಲ. ಗಿರಾಕಿಗಳು ಕಾದು ಬೇಸತ್ತು ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು. ಹಾಗೆ ಕುಳಿತವರಲ್ಲಿ ಕೆಲವರು ಕಣ್ಣು ಪರೀಕ್ಷೆ ಮಾಡಿಸಿಕೊಂಡದ್ದೂ ಉಂಟು, ಆ ಉಪಕಾರವನ್ನು ನಾನು ಮರೆತಿಲ್ಲ.

ಇಂಥವನ ಕೈಗೆ ಎರಡು ವರ್ಷದ ಹಿಂದೆ ಎಐ ಬಂತು. ತಂದುಕೊಟ್ಟವಳು ಮಗಳು ಧನ್ಯಾ. ಇಲ್ಲೇ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಅವಳಿಗೆ. ಅಪ್ಪನಿಗೊಂದು ಟ್ಯಾಬ್ ಕೊಡಿಸಿ, ಅದರಲ್ಲಿ ಒಂದು ಆ್ಯಪ್ ಹಾಕಿದಳು. ಫೋಟೋ ಹಾಕಿ ಒತ್ತಿದರೆ ಆಯಿತು, ಗಾಜಿನ ಹೊಳಪು, ಟ್ಯೂಬ್‌ಲೈಟಿನ ಬಿಳಿ ಪಟ್ಟೆ, ಫೋಟೋ ತೆಗೆದವನ ನೆರಳು ಎಲ್ಲ ಮಾಯ. ಅಣ್ಣಪ್ಪ ಒಂದು ತಿಂಗಳು ಅದರ ಮುಖ ನೋಡಲಿಲ್ಲ. ಆಮೇಲೆ ಒಂದು ದಿನ ನೋಡಿದ. ನೋಡಿದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಕೊಡೆಬಟ್ಟೆಯ ಪರದೆ ಕಪಾಟಿನ ಮೇಲೆ ಹೋಗಿ ಬಿತ್ತು. ಹಳೆಯ ವೈರಿಯನ್ನು ಒಂದೇ ಬೆರಳಲ್ಲಿ ಮಲಗಿಸುವ ಉಪಾಯ ಸಿಕ್ಕಿದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಊರದೇವರೊಂದರ ಬೆಳ್ಳಿ ಕವಚದ ಹೊಳಪು ತೆಗೆದ, ಕವಚ ಅಲ್ಯುಮಿನಿಯಂ ಪಾತ್ರೆಯಂತಾಯಿತು. ಭಟ್ಕಳದ ಬಟ್ಟೆ ಅಂಗಡಿಯೊಂದಕ್ಕೆ ಸೀರೆಗಳ ಫೋಟೋ ಮಾಡಿಕೊಟ್ಟ, ಜರಿಯೆಲ್ಲ ಹೋಗಿ ನೂಲಿನ ಸೀರೆ ಬಂತು. "ಸಾಹೇಬ್ರೇ, ಇದ್ನ ಯಾರು ತಗೊಳ್ತಾರೆ?" ಎಂದು ಆ ಅಂಗಡಿಯವರು ಫೋನಿನಲ್ಲಿ ಕೇಳುತ್ತಿದ್ದುದು ಗೋಡೆಯಾಚೆಗಿನ ನನಗೂ ಕೇಳಿಸಿತು.

ಆ ಆ್ಯಪಿನ ಗುಣ ನನಗೆ ಅರ್ಥವಾದದ್ದು ಇಷ್ಟು. ಹೊಳಪಿನ ಕೆಳಗೆ ಏನಿತ್ತೆಂದು ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಅದಕ್ಕಿಲ್ಲ. ತನಗೆ ತೋಚಿದ್ದನ್ನು ಚಂದ ಮಾಡಿ ತುಂಬಿಬಿಡುತ್ತದೆ. ಇದನ್ನು ಅಣ್ಣಪ್ಪನಿಗೆ ಹೇಳಿದೆ. "ಹೆಗ್ಡೇರೆ, ನಿಮ್ಗೆ ಹೊಟ್ಟೆಕಿಚ್ಚು" ಎಂದ.

ಕಳೆದ ಮಳೆಗಾಲದಲ್ಲಿ ಹತ್ತಿರದ ಕಾಗಾಲ ಊರಿನಿಂದ ಗಂಗಿ ಎಂಬ ಹೆಂಗಸು ಬಂದಳು. ಅರವತ್ತು ದಾಟಿದ ಜೀವ. ಸೀರೆಯೊಂದರಲ್ಲಿ ಸುತ್ತಿ ತಂದದ್ದು ಗಂಡ ಕುಪ್ಪನ ಫೋಟೋ. ಅವನು ಹೋಗಿ ವರ್ಷವಾಗುತ್ತ ಬಂದಿತ್ತು. ಇನ್ನು ಎಂಟು ದಿನಕ್ಕೆ ವರ್ಷಾಂತದ ಕಾರ್ಯ. ಅಂದು ಹೂ ಹಾಕಿ ಇಡಲು, ಆಮೇಲೆ ಗೋಡೆಯ ಮೇಲಿರಲು ಒಂದು ದೊಡ್ಡ ಫೋಟೋ ಬೇಕಿತ್ತು. ಅವನ ಮುಖ ನೆಟ್ಟಗೆ ಕಾಣುವ ಫೋಟೋ ಇದ್ದದ್ದು ಇದೊಂದೇ, ದೊಡ್ಡ ಮಗನ ಮದುವೆಯಲ್ಲಿ ಒತ್ತಾಯಕ್ಕೆ ಕೂರಿಸಿ ತೆಗೆಸಿದ್ದು. ಮಕ್ಕಳ ಮೊಬೈಲುಗಳಲ್ಲಿ ಅವನ ಬೆನ್ನು, ಭುಜ, ಒಂದು ಬದಿಯ ಕೆನ್ನೆ ಮಾತ್ರ ಇದ್ದವು. ಆಧಾರ್ ಕಾರ್ಡಿನಲ್ಲಿರುವುದು ಕುಪ್ಪನೇ ಹೌದೆಂದು ಹೇಳಲು ಕುಪ್ಪನೇ ಎದ್ದು ಬರಬೇಕು, ಅದರಲ್ಲಿ ಕಣ್ಣಿನ ಜಾಗದಲ್ಲಿ ಎರಡು ಮಸಿಚುಕ್ಕೆ.

"ಫೋಟೋ ಗಾಜಿಗೆ ಹಿಡ್ಕಂಡದೆ ಅಣ್ಣಪ್ಪಣ್ಣ. ಹರಿದು ಹೋದ್ರೆ ಮತ್ತೆ ನಮ್ಗೆ ಅವ್ರ ಮುಖ ಇಲ್ಲ" ಎಂದಳು ಗಂಗಿ.

"ಗಂಗಕ್ಕ, ನೀವು ಎಂತಕ್ಕೂ ಹೆದ್ರಬೇಡಿ. ನಾಲ್ಕು ದಿನ ಬಿಟ್ಟು ಬನ್ನಿ" ಎಂದ ಅಣ್ಣಪ್ಪ.

ಅವನು ಪರದೆ ತೆಗೆಯಲಿಲ್ಲ. ಲೈಟು ಸರಿಸಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ಒಂದೇ ಫೋಟೋ ತೆಗೆದ. ಕುಪ್ಪನ ಎಡಗಣ್ಣಿನ ಮೇಲಿಂದ ಕೆನ್ನೆಯ ತನಕ ಬಿಳಿ ಪಟ್ಟೆ ಬಿದ್ದಿತ್ತು. ಆ್ಯಪಿಗೆ ಹಾಕಿ ಒತ್ತಿದ, ಪಟ್ಟೆ ಹೋಯಿತು. ಎರಡೂ ಕಣ್ಣು ತಿಳಿಯಾಗಿ ಬಂದವು. ನನ್ನನ್ನು ಕರೆದು ತೋರಿಸಿದ. ಚೆನ್ನಾಗಿಯೇ ಇತ್ತು. ಕುಪ್ಪನನ್ನು ನಾನಾಗಲಿ ಅವನಾಗಲಿ ಕಂಡವರಲ್ಲ, ಹಳೆಯ ಫೋಟೋವನ್ನು ಪಕ್ಕಕ್ಕಿಟ್ಟು ಹೋಲಿಸಿ ನೋಡಲೂ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹಳೆಯದಕ್ಕೂ ಹೊಸ ಗಾಜು ಹಾಕಿಕೊಡುತ್ತೇನೆಂದು, ಅಂಟಿದ ಫೋಟೋವನ್ನು ಬಿಡಿಸಲು ಗಾಜಿನ ಸಮೇತ ನೀರಲ್ಲಿ ನೆನೆಹಾಕಿದ. ಮೊದಲು ನೂರಾರು ಸಲ ಮಾಡಿದ ಕೆಲಸ. ಈ ಸಲ ಬಿಡಿಸುವಾಗ ಕಾಗದ ಒಂದು ಕಡೆ ಬಂತು, ಮುಖ ಗಾಜಿನ ಮೇಲೆ ಚೂರು ಚೂರಾಗಿ ಉಳಿಯಿತು. ಸಂಜೆ ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಬಂದು ನನಗೆ ಹೇಳಿದ. ಮುಖ ಸಪ್ಪೆಯಾಗಿತ್ತು. "ಆದ್ರೂ ಹೊಸದು ಹಳೇದಕ್ಕಿಂತ ಲಾಯ್ಕ ಬಂದದೆ ಅಲ್ದಾ?" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾನೂ ಹೌದೆಂದೆ. ನನ್ನದೂ ತಪ್ಪೇ.

ನಾಲ್ಕನೆಯ ದಿನ ಗಂಗಿ ಬಂದಳು. ಅಣ್ಣಪ್ಪ ಧೈರ್ಯಕ್ಕೆಂದು ನನ್ನನ್ನೂ ಕರೆದಿದ್ದ. ಹೊಸ ಫ್ರೇಮನ್ನು ಅವಳೆದುರು ನಿಲ್ಲಿಸಿದ. ಅವಳು ನೋಡಿದಳು. ಸ್ವಲ್ಪ ಹಿಂದೆ ಸರಿದು ಮತ್ತೆ ನೋಡಿದಳು.

"ಇವ್ರು ಯಾರು?"

"ನಿಮ್ಮನೆಯವ್ರಲ್ದಾ?"

"ಮೂಗು ಅವ್ರದ್ದೇ. ಬಾಯಿ ಅವ್ರದ್ದೇ. ಈ ಕಣ್ಣು ಎಲ್ಲಿಂದ ತಂದ್ರಿ? ಅವ್ರ ಎಡಗಣ್ಣಲ್ಲಿ ಹೂ ಬಿದ್ದಿತ್ತು."

ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಗಾಯ ಮಾಗಿ ಉಳಿಯುವ ಬಿಳಿ ಕಲೆಗೆ ಹೂ ಎನ್ನುತ್ತೇವೆ. ಅದು ಹೋಗುವುದಿಲ್ಲ, ಆ ಕಣ್ಣಿಗೆ ಮತ್ತೆ ಸರಿಯಾಗಿ ಕಾಣುವುದೂ ಇಲ್ಲ. ಅದನ್ನೂ ಹೊಳಪೆಂದೇ ತಿಳಿದು ಆ್ಯಪು ಟ್ಯೂಬ್‌ಲೈಟಿನ ಜೊತೆಗೇ ಗುಡಿಸಿ ಹಾಕಿತ್ತು. ಮೊಬೈಲಿನ ಮೂಲ ಫೋಟೋ ತೆಗೆದು ನೋಡಿದೆವು. ಕಣ್ಣಿನ ಜಾಗದಲ್ಲಿ ಬರೀ ಬಿಳುಪು, ಅದರಲ್ಲಿ ಲೈಟು ಎಷ್ಟು, ಕುಪ್ಪ ಎಷ್ಟು ಎಂದು ಯಾರೂ ಹೇಳುವಂತಿರಲಿಲ್ಲ.

"ಆತು, ಹಳೇದು ಕೊಡಿ. ಅದೇ ಇರ್ಲಿ" ಎಂದಳು ಗಂಗಿ.

ಅಣ್ಣಪ್ಪ ಒಳಗೆ ಹೋಗಿ ಆ ಗಾಜನ್ನು ತಂದು ಅವಳ ಮುಂದಿಟ್ಟ. ಸುಳ್ಳು ಹೇಳಲಿಲ್ಲ, ಕಾಗದವನ್ನೂ ಬೈಯಲಿಲ್ಲ. "ನಾನೇ ಹಾಳ್ಮಾಡ್ದೆ ಗಂಗಕ್ಕ" ಎಂದ. ಇಪ್ಪತ್ತೆಂಟು ವರ್ಷದಲ್ಲಿ ಅವನು ತಪ್ಪು ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳು ಕೂಗಾಡಿದ್ದರೆ ನಮಗೆ ಹಗುರವಾಗುತ್ತಿತ್ತು. ಫೋಟೋ ತೆಗೆಸಲು ಕೂರುವ ಸ್ಟೂಲಿನ ಮೇಲೆ ಹೋಗಿ ಕುಳಿತಳು.

ಅಣ್ಣಪ್ಪ ಟ್ಯಾಬ್ ಹಿಡಿದ. ಮೂಲ ಫೋಟೋವನ್ನು ಮತ್ತೆ ಆ್ಯಪಿಗೆ ಹಾಕಿದ, ಬೇರೊಂದು ಕಣ್ಣು ಬಂತು. ಇನ್ನೊಮ್ಮೆ ಹಾಕಿದ, ಸಿನೆಮಾದವನ ಕಣ್ಣು ಬಂತು. ಮಗಳಿಗೆ ಫೋನ್ ಮಾಡಿ, ಕಣ್ಣಿನಲ್ಲಿ ಬಿಳಿ ಕಲೆ ಬೇಕೆಂದು ಹೇಗೆ ಬರೆಯುವುದೆಂದು ಕೇಳಿ ಬರೆದ. ಕಣ್ಣು ಪೂರ್ತಿ ಬೆಳ್ಳಗಾಗಿ ದೆವ್ವದ ಹಾಗೆ ಬಂತು, ಗಂಗಿ ಮುಖ ತಿರುಗಿಸಿದಳು. ಹತ್ತು ಸಲ ಕೇಳಿದ್ದಕ್ಕೆ ಹತ್ತು ಕಣ್ಣು ಬಂದವು, ಕುಪ್ಪನದು ಬರಲಿಲ್ಲ.

ಕೊನೆಗೆ ಆ್ಯಪು ಬಿಟ್ಟು, ಹಳೆಯ ಕಾಲದಲ್ಲಿ ಬ್ರಷ್ ಹಿಡಿಯುತ್ತಿದ್ದಂತೆ, ಟ್ಯಾಬಿನ ಮೇಲೆ ಬೆರಳಿನಿಂದಲೇ ಬಣ್ಣ ಹಚ್ಚಲು ಶುರುಮಾಡಿದ. ಮೊದಲು ಬಂದ ಆ ಎರಡು ತಿಳಿಗಣ್ಣಿನ ಫೋಟೋವನ್ನು ದೊಡ್ಡದು ಮಾಡಿ, ಎಡಗಣ್ಣಿನ ಕಪ್ಪಿನ ಮೇಲೆ ಒಂದು ಬಿಳಿ ಚುಕ್ಕೆ ಇಟ್ಟ.

"ಅಲ್ಲ. ಇನ್ನೂ ಕೆಳ್ಗೆ."

"ಇಲ್ಲಿ?"

"ಮೂಗಿನ ಬದಿಗೆ ಬರ್ಬೇಕು. ಅಷ್ಟು ದೊಡ್ಡದಿಲ್ಲ. ಅಕ್ಕಿನುಚ್ಚಿನಷ್ಟು."

ಅಳಿಸಿದ, ಇಟ್ಟ, ಅಳಿಸಿದ. ಅರ್ಧ ಗಂಟೆ ಹೀಗೇ ನಡೆಯಿತು. ಮಧ್ಯೆ ಬಂದ ಗಿರಾಕಿಯನ್ನು ಕೈಸನ್ನೆಯಲ್ಲೇ ವಾಪಸು ಕಳಿಸಿದ. ಕೊನೆಗೆ ಟ್ಯಾಬನ್ನು ಅವಳ ತೊಡೆಯ ಮೇಲಿಟ್ಟ.

"ಗಂಗಕ್ಕ, ನಾನು ನೋಡ್ದವ್ನಲ್ಲ. ನೀವು ನಿತ್ಯ ನೋಡ್ದವ್ರು. ನೀವೇ ಬೆರಳಿಟ್ಟುಬಿಡಿ, ಇಟ್ಟಲ್ಲಿ ಬಿಳಿ ಬತ್ತದೆ."

ಗಂಗಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನತ್ರ ಆತಿಲ್ಲ."

"ಕಷ್ಟ ಎಂತ ಇಲ್ಲ, ಮುಟ್ಟಿದ್ರೆ ಸೈ."

"ಈ ಕೈ ಒಂದ್ಸಲ ಆ ಬಿಳಿ ಹಾಕ್ಯದೆ" ಎಂದಳು.

ನಮಗೆ ಅರ್ಥವಾಗಲಿಲ್ಲ. ಅವಳು ಟ್ಯಾಬನ್ನು ನೋಡುತ್ತಲೇ ಹೇಳಿದಳು. ಮದುವೆಯಾದ ವರ್ಷ. ದೀಪಾವಳಿಗೆ ಗೋಡೆಗೆ ಬಳಿಯಲು ಚಿಪ್ಪಿಯ ಸುಣ್ಣವನ್ನು ಮಡಕೆಗೆ ಹಾಕಿ ಇಟ್ಟಿದ್ದರು. ನೀರು ಹೊಯ್ಯುವುದು ಇವಳ ಕೆಲಸ, ಸ್ವಲ್ಪ ಸ್ವಲ್ಪವೇ ಹೊಯ್ಯಬೇಕು. ಕುಪ್ಪ ಹತ್ತಿರ ಬಂದು ಬಗ್ಗಿ ಏನೋ ತಮಾಷೆ ಮಾಡಿದ. ಇವಳು ನಗುತ್ತ, ಅವನನ್ನು ಹೆದರಿಸಲೆಂದು ಇಡೀ ಚೆಂಬು ನೀರನ್ನು ಒಮ್ಮೆಲೇ ಸುರಿದಳು. ಸುಣ್ಣ ಕುದಿದು ಸಿಡಿಯಿತು.

"ಅತ್ತೆ ಓಡಿಬಂದು ಕೇಳದ್ರು. ‘ನಾನೇ ನೀರು ಹೊಯ್ದೆ’ ಅಂದ್ರು ನಮ್ಮನೆಯವ್ರು. ಊರ್ಗೆಲ್ಲ ಹಾಂಗೇ ಹೇಳದ್ರು. ಮಕ್ಕಳ್ಗೂ ಹಾಂಗೇ ಗೊತ್ತು. ನಲವತ್ತೆರಡು ವರ್ಷ, ಸಿಟ್ಟು ಬಂದಾಗೂ ಒಂದ್ಸಲ ಬಾಯಿ ಬಿಡ್ಲಿಲ್ಲ. ಫೋಟೋ ತೆಗೀತೆ ಅಂದ್ರೆ ಆ ಬದಿ ಆಚೆ ತಿರ್ಗಿಸ್ತಿದ್ರು. ಯಾಕೆ ಅಂತ ನಂಗೆ ಗೊತ್ತಿತ್ತು. ನಾನು ನೋಡೂದು ಬೇಡ ಅಂತ."

ಸುಣ್ಣ ಕಣ್ಣಿಗೆ ಏನು ಮಾಡುತ್ತದೆಂದು ನನಗೆ ಚೆನ್ನಾಗಿ ಗೊತ್ತು, ಅಂಥ ಕಣ್ಣುಗಳನ್ನು ನೋಡಿದ್ದೇನೆ.

ಅಣ್ಣಪ್ಪ ಅವಳೆದುರು ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕುಳಿತ. "ಹಾಂಗಾದ್ರೆ ಇದು ಹೀಂಗೇ ಇರ್ಲಿ ಗಂಗಕ್ಕ. ಎರಡೂ ಕಣ್ಣು ಚಂದ ಅದೆ. ಹೋದವ್ರ ಫೋಟೋ ಚಂದ ಇದ್ರೆ ಯಾರೂ ಎಂತ ಹೇಳೂದಿಲ್ಲ. ನಿಮ್ಗೂ ಅದ್ನ ದಿನಾ ನೋಡೂದು ತಪ್ತದೆ" ಎಂದ. ಅವನು ಕೆಲಸ ತಪ್ಪಿಸಿಕೊಳ್ಳಲು ಹೇಳಲಿಲ್ಲ, ಅವಳ ಮೇಲಿನ ಮರುಕಕ್ಕೇ ಹೇಳಿದ. ಆ ಕ್ಷಣ ನನಗೂ ಅದೇ ಸರಿಯೆನಿಸಿತು.

ಗಂಗಿ ಬಹಳ ಹೊತ್ತು ಆ ಎರಡು ಕಣ್ಣಿನವನನ್ನು ನೋಡಿದಳು.

"ಇವ್ರಿಗೆ ನಾನು ಎಂತದೂ ಮಾಡ್ಲಿಲ್ಲ" ಎಂದಳು. "ನಂಗೆ ಇವ್ರ ಗುರ್ತಿಲ್ಲ."

ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಒಮ್ಮೆ ಹತ್ತಿರ ತಂದು ಹಿಂದಕ್ಕೆ ಎಳೆದಳು. ಮತ್ತೆ ತಂದಳು. ಕಪ್ಪುಗುಡ್ಡೆಯ ಮೇಲೆ, ಮೂಗಿನ ಬದಿಗೆ, ಮೆಲ್ಲಗೆ ಮುಟ್ಟಿದಳು. ಅಕ್ಕಿನುಚ್ಚಿನಷ್ಟು ಬಿಳಿ ಬಿತ್ತು. ಅಣ್ಣಪ್ಪ ಅವಳ ಮುಖ ನೋಡುತ್ತಿದ್ದ, ಸರಿಯಾಯಿತೇ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಕೇಳುವುದು ಬೇಕಾಗಲೂ ಇಲ್ಲ. ಅವಳು ಟ್ಯಾಬನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ತಂದುಕೊಂಡು, ಕಣ್ಣಿಗೆ ಏನಾದರೂ ಬಿದ್ದಾಗ ಊದುತ್ತಾರಲ್ಲ, ಹಾಗೆ ಆ ಕಣ್ಣಿಗೆ ಊದತೊಡಗಿದಳು.