ಬ್ಯಾಗಿನಲ್ಲಿ ಹಿಡಿಸುವ ಹೊಲ

ನನ್ನ ಅಣ್ಣನನ್ನು ನಾನು ಅಣ್ಣ ಅನ್ನುತ್ತಿರಲಿಲ್ಲ. ‘ಭದ್ರಾವತಿಯವನು’ ಅನ್ನುತ್ತಿದ್ದೆ. ಅವನ ಮನೆಯಲ್ಲಿ ನಾನು ‘ಶಿವಮೊಗ್ಗದವನು’. ಅಪ್ಪ ಹೋದ ಮೇಲೆ ಹಳೇ ಮನೆ ಮಾರುವಾಗ ಜಗಳವಾಗಿ ಮಾತು ಬಿಟ್ಟು ಮೂರು ವರ್ಷವಾಗಿತ್ತು. ನಮ್ಮಿಬ್ಬರ ನಡುವೆ ಓಡಾಡುತ್ತಿದ್ದವಳು ಅಮ್ಮ ಒಬ್ಬಳೇ. ಒಂದು ತಿಂಗಳು ನನ್ನ ಮನೆ, ಇನ್ನೊಂದು ತಿಂಗಳು ಭದ್ರಾವತಿಯ ನ್ಯೂ ಟೌನಿನಲ್ಲಿ ಅವನ ಮನೆ. ಒಂದನೇ ತಾರೀಖು ಬೆಳಗ್ಗೆ ಅವನ ಕಾರು ಬಂದು ನಮ್ಮ ಗೇಟಿನ ಹೊರಗೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಒಳಗೆ ಬಾ ಎಂದು ನಾನು ಕರೆದವನಲ್ಲ. ನನ್ನ ಸರದಿ ಬಂದಾಗ ನಾನೂ ಅಲ್ಲಿಗೆ ಹೋಗಿ ಹಾರ್ನೇ ಹೊಡೆಯುತ್ತಿದ್ದೆ.

ಅಮ್ಮ ನಿವೃತ್ತಿಯಾದ ಗಣಿತದ ಟೀಚರ್. ನನ್ನ ಹಳೇ ಫೋನಿನಲ್ಲಿ ಬೇಸಾಯದ ಆಟವೊಂದರ ಹುಚ್ಚು ಹಿಡಿಸಿಕೊಂಡಿದ್ದಳು. ಉಳುವುದು, ಬಿತ್ತುವುದು, ನೀರು ಹಾಯಿಸುವುದು. ನಮ್ಮ ವಂಶದಲ್ಲಿ ಯಾರಿಗೂ ಗೇಣು ಹೊಲ ಇದ್ದದ್ದಿಲ್ಲ. ಫೋನಿನ ಗಾಜಿನ ಮೇಲೆ ಬೆರಳು ಜಾರುತ್ತದೆ, ಗುಂಡಿ ಇರುವ ಮಷೀನು ಕೊಡಿಸು ಎಂದಳು. ಅವಳನ್ನು ಕರೆದುಕೊಂಡು ದುರ್ಗಿಗುಡಿಯ ಅಂಗಡಿಯೊಂದಕ್ಕೆ ಹೋದೆ.

ಅಂಗಡಿಯವರು ಎರಡನ್ನು ಮುಂದಿಟ್ಟರು. ಒಂದು, ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್. ಇನ್ನೊಂದು, ಕೈಯಲ್ಲೇ ಹಿಡಿದು ಆಡುವ ಪುಟ್ಟ ಪಿಸಿ. ಪರದೆ, ಗುಂಡಿ ಎಲ್ಲ ಅದರಲ್ಲೇ. ಅಮ್ಮ ಆ ಎರಡನೆಯದನ್ನು ಎತ್ತಿಕೊಂಡು ತೂಗಿ ನೋಡಿದಳು.

“ಇದು ನನ್ನ ಬ್ಯಾಗಲ್ಲಿ ಹಿಡಿಸುತ್ತಲ್ವೇನೋ?”

“ನಿನ್ನ ಕಣ್ಣಿಗೆ ಅಷ್ಟು ಚಿಕ್ಕ ಪರದೆ ಯಾಕಮ್ಮ? ಎರಡು ಗಂಟೆಗೆ ಚಾರ್ಜ್ ಹೋಗುತ್ತೆ, ಬಿಸಿ ಬೇರೆ ಆಗುತ್ತೆ. ಟಿವೀಲಾದ್ರೆ ಹೊಲ ದೊಡ್ಡದಾಗಿ ಕಾಣುತ್ತೆ,” ಎಂದೆ.

ಹೇಳಿದ್ದೆಲ್ಲ ಸರಿಯೇ. ಆದರೆ ನಾನು ಕನ್ಸೋಲ್ ಆರಿಸಿದ್ದು ಅದಕ್ಕಲ್ಲ. ಅದು ನನ್ನ ಟಿವಿಗೆ ಅಂಟಿಕೊಂಡಿರುತ್ತದೆ, ನ್ಯೂ ಟೌನಿಗೆ ಹೋಗುವುದಿಲ್ಲ. ಅಮ್ಮ ಅಲ್ಲಿ ಕೂತು ಇಲ್ಲಿಯ ಹೊಲ ನೆನೆಸಿಕೊಳ್ಳಲಿ, ಅದನ್ನು ನೋಡಿ ಭದ್ರಾವತಿಯವನು ಹೊಟ್ಟೆ ಉರಿದುಕೊಳ್ಳಲಿ ಎಂದೇ ತಂದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಆ ತಿಂಗಳು ಅಮ್ಮ ದಿನವೂ ಮಧ್ಯಾಹ್ನ ಟಿವಿ ಮುಂದೆ ಕೂತು ಆಡಿದಳು. ಹೊಲದ ಅಂಚಿನಲ್ಲಿ ಮಾವಿನ ಗಿಡ ನೆಟ್ಟಳು. ಆಟದಲ್ಲೂ ಅದು ನಿಧಾನವಾಗಿ ಬೆಳೆಯುವ ಗಿಡವಂತೆ. ಒಂದನೇ ತಾರೀಖು ಹಾರ್ನ್ ಕೇಳಿಸಿದಾಗ ಅದು ಹೂ ಬಿಟ್ಟಿತ್ತಷ್ಟೆ.

“ಇದನ್ನ ಕಟ್ಟಿಕೊಡೋ, ತಗೊಂಡು ಹೋಗ್ತೀನಿ.”

“ಅಲ್ಲಿ ಯಾರಾದ್ರೂ ಕೆಡಿಸಿದ್ರೆ? ಇಲ್ಲೇ ಇರ್ಲಿ, ಎಲ್ಲಿಗೂ ಓಡಿ ಹೋಗಲ್ಲ.”

ಅಮ್ಮ ಟಿವಿ ಆರಿಸಿ ಎದ್ದಳು.

ತಿಂಗಳು ಕಳೆದು ಅವಳನ್ನು ಕರೆತರುವಾಗ ಕಾರಿನಲ್ಲಿ ಹೇಳಿದಳು: ಭದ್ರಾವತಿಯವನೂ ಅಂಥದ್ದೇ ಕನ್ಸೋಲ್ ತಂದನಂತೆ, ಜೊತೆಗೆ ನಮ್ಮದಕ್ಕಿಂತ ದೊಡ್ಡ ಟಿವಿ. ಅಮ್ಮ ಅಲ್ಲಿ ಮೊದಲಿಂದ ಉತ್ತು, ಬಿತ್ತು, ಇನ್ನೊಂದು ಮಾವು ನೆಟ್ಟಿದ್ದಾಳೆ. ಅದು ಹೂ ಬಿಡುವ ಹೊತ್ತಿಗೆ ನನ್ನ ಹಾರ್ನ್.

“ಅಲ್ಲೀದೂ ಇಲ್ಲೀದೂ ಒಂದೇ ಹೊಲ ಮಾಡಕ್ಕಾಗಲ್ವಾ?”

ಆಗುತ್ತದೆ. ಎರಡೂ ಕಡೆ ಒಂದೇ ಖಾತೆ ಇಟ್ಟುಕೊಂಡು ಚಂದಾ ಕಟ್ಟಿದರೆ ಇಲ್ಲಿ ನಿಲ್ಲಿಸಿದ ಆಟ ಅಲ್ಲಿ ಮುಂದುವರಿಯುತ್ತದೆ. ನನ್ನ ಪಾಸ್‌ವರ್ಡ್ ಅವನಿಗೆ ಕೊಡಬೇಕು, ಅಷ್ಟೆ. ಅವನಿಗೆ ನಾನು ಕೊಡುವುದೇ?

“ಆಗಲ್ಲಮ್ಮ. ಅದರಲ್ಲಿ ಆ ವ್ಯವಸ್ಥೆ ಇಲ್ಲ.”

ಅಮ್ಮ ನನ್ನ ಕಡೆ ತಿರುಗಿದಳು.

“ಅವನೂ ಇದೇ ಮಾತು ಅಂದ. ಅಂಗಡಿಯವರಿಗೆ ನಾನೇ ಫೋನ್ ಮಾಡಿ ಕೇಳ್ದೆ, ಆಗುತ್ತೆ ಅಂದ್ರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ನಮ್ಮಲ್ಲಿ ಕೂಸುಗಳ ಜಗಳದಲ್ಲಿ ತಾಯಿ ಬಡವಾದ್ಳು.”

ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಸಿಕ್ಕಿಬಿದ್ದದ್ದಕ್ಕಲ್ಲ. ಭದ್ರಾವತಿಯವನೂ ನನ್ನದೇ ಸುಳ್ಳು ಹೇಳಿದ್ದಾನಲ್ಲ, ಅದಕ್ಕೆ.

ಮನೆಗೆ ಬಂದ ಮೇಲೆ ಅಮ್ಮ ಟಿವಿ ಕಡೆ ತಿರುಗಲಿಲ್ಲ. ಮಾರನೇ ದಿನವೇ ಆಟೋ ಹಿಡಿದು ಹೋಗಿ, ತನ್ನ ಪಿಂಚಣಿ ದುಡ್ಡಿನಲ್ಲಿ ಆ ಕೈಯಲ್ಲಿ ಹಿಡಿಯುವ ಪಿಸಿಯನ್ನೇ ತಂದಳು. ನನ್ನನ್ನು ಕೇಳಲಿಲ್ಲ. ನಾನು ಹೇಳಿದ್ದಂತೆ ಅದು ಬಿಸಿಯಾಗುತ್ತಿತ್ತು. ತೊಡೆಯ ಮೇಲೊಂದು ಮಣೆ ಇಟ್ಟುಕೊಂಡು ಆಡಿದಳು. ಚಾರ್ಜ್ ಬೇಗ ಹೋಗುತ್ತಿತ್ತು. ಗೋಡೆಯ ಪ್ಲಗ್ಗಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಮೂರನೇ ಸಲ ಮಾವು ನೆಟ್ಟಳು.

ಒಂದನೇ ತಾರೀಖು ಹಾರ್ನಿಗೂ ಮೊದಲೇ ಬ್ಯಾಗ್ ಹಿಡಿದು ಹೊರಟಳು. “ಬಸ್ಸಲ್ಲಿ ಹೋಗ್ತೀನಿ, ಅವನಿಗೆ ಹೇಳಿದೀನಿ,” ಎಂದಳು. ಅರ್ಧ ಗಂಟೆಯ ಮೇಲೆ ಗೇಟಿನ ಹೊರಗೆ ಹಾರ್ನ್ ಶುರುವಾಯಿತು. ನಿಲ್ಲಲೇ ಇಲ್ಲ. ನಾನು ಹೊರಗೆ ಹೋಗಲೇಬೇಕಾಯಿತು.

“ಅಮ್ಮನ್ನ ಕಳಿಸೋ,” ಎಂದ. ಮೂರು ವರ್ಷಗಳ ನಂತರದ ಮೊದಲ ಮಾತು.

“ಆಗಲೇ ಹೊರಟ್ಳು. ನಿಂಗೆ ಹೇಳಿದೀನಿ ಅಂದ್ಳಲ್ಲ?”

“ನಂಗ್ಯಾರೂ ಏನೂ ಹೇಳಿಲ್ಲ. ಬಚ್ಚಿಟ್ಟಿದೀಯಾ ನೀನು.”

“ಬಚ್ಚಿಡಕ್ಕೆ ಅವಳೇನು ನೀನು ನುಂಗಿದ ಹಳೇ ಮನೆ ದುಡ್ಡಾ?”

ಕೈ ಕೈ ಮಿಲಾಯಿಸುವುದೊಂದು ಬಾಕಿ. ಎದುರು ಮನೆಯವರು ಹೊರಬಂದು ನಿಂತರು. ಕೊನೆಗೆ ಅವನೇ ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

“ಸೋಗಾನೇಲಿದೀನಿ ಕಣ್ರೋ, ನಿಮ್ಮಿಬ್ಬರ ಊರಿನ ನಡುವೆ. ನನ್ನ ಜೊತೆ ಪಾಠ ಮಾಡ್ತಿದ್ರಲ್ಲ ಟೀಚರ್, ಅವರ ಮನೇಲಿ.”

“ಯಾವಾಗ ಬರ್ತೀಯಾ?” ಇಬ್ಬರೂ ಒಟ್ಟಿಗೆ ಕೇಳಿದೆವು.

“ಯಾರ ಮನೆಗೆ?”

ಅವನು ನನ್ನ ಮುಖ ನೋಡಿದ. ನಾನು ಅವನ ಕಾರಿನ ಚಕ್ರ ನೋಡಿದೆ.

“ಮಾವು ಹೂ ಬಿಟ್ಟಿದೆ,” ಎಂದಳು ಅಮ್ಮ. “ಈ ಸಲ ಹಣ್ಣು ಕಿತ್ತೇ ಏಳೋದು ನಾನು. ಅಲ್ಲೀವರೆಗೂ ಯಾರೂ ಹಾರ್ನ್ ಹೊಡೀಬೇಡಿ.”