ಪ್ರೂಫಕ್ಕ ಮತ್ತು ಆರು ಮಂದಿ ಸಂಗಡಿಗರು

ಎರಡನೇ ಮತ್ತು ಮೂರನೇ ಮಹಡಿಗಳ ನಡುವೆ ಲಿಫ್ಟು ಸಿಕ್ಕಿಹಾಕಿಕೊಳ್ಳದೆ ಇದ್ದಿದ್ದರೆ ಪ್ರೂಫಕ್ಕನಿಗೆ ಆ ಕೆಲಸ ಸಿಗುತ್ತಲೇ ಇರಲಿಲ್ಲ. ಒಳಗೆ ಸಿಕ್ಕಿಕೊಂಡವಳು ಮೂರನೇ ಮಹಡಿಯ ವಿಡಿಯೊ ಗೇಮ್ ಕಂಪನಿಯ ಯಜಮಾನಿ. ಬಿಡಿಸಲು ಬಂದವನು ಪ್ರೂಫಕ್ಕನ ಗಂಡ, ಲಿಫ್ಟ್ ಮೆಕ್ಯಾನಿಕ್ಕು. ಒಳಗಿನವಳು ಗಾಬರಿಯಾಗದಿರಲಿ ಎಂದು ಆತ ಬಾಗಿಲ ಸಂದಿಯಿಂದಲೇ ಮಾತಿಗೆಳೆದ.

"ನಿಮ್ಮದು ಏನು ಕೆಲಸ ಮೇಡಂ?"

"ಬೇರೆ ದೇಶದವರು ಮಾಡಿದ ಗೇಮನ್ನ ನಮ್ಮ ಭಾಷೆಗೆ ತರ್ತೀವಿ. ಮೂವತ್ತೆಂಟು ಸಾವಿರ ಸಾಲು ಮಾತಿದೆ. ಕಾಗುಣಿತ ನೋಡೋರು ಒಬ್ಬರೂ ಸಿಗ್ತಿಲ್ಲ."

ಆತ ಸ್ಪ್ಯಾನರನ್ನು ಕೆಳಗಿಟ್ಟ. "ನಮ್ಮನೇಲಿ ಒಬ್ಬಳಿದ್ದಾಳೆ. ನಾನು ಬರೆದಿಟ್ಟು ಹೋಗೋ ಚೀಟೀನೂ ತಿದ್ದಿ ವಾಪಸ್ ಕೊಡ್ತಾಳೆ."

ಅದು ಉತ್ಪ್ರೇಕ್ಷೆಯೇನಲ್ಲ. ಇಪ್ಪತ್ತನಾಲ್ಕು ವರ್ಷ ಒಂದೇ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು ಆಕೆ. ಪಠ್ಯಪುಸ್ತಕ, ರೈಲಿನ ವೇಳಾಪಟ್ಟಿ, ಮಾತ್ರೆಯ ಪೆಟ್ಟಿಗೆಯೊಳಗೆ ಮಡಚಿಡುವ ಸಣ್ಣಕ್ಷರದ ಚೀಟಿ, ಯಾವುದೂ ಆಕೆಯ ಕೆಂಪು ಪೆನ್ನಿನಿಂದ ತಪ್ಪಿಸಿಕೊಂಡಿರಲಿಲ್ಲ. ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ ಕಂಡರೆ ಊಟದಲ್ಲಿ ಕಲ್ಲು ಸಿಕ್ಕವಳಂತೆ ಮುಖ ಹಿಂಡುತ್ತಿದ್ದಳು. ಪ್ರೆಸ್ಸಿನವರು ಇಟ್ಟ ಪ್ರೂಫಕ್ಕ ಎಂಬ ಹೆಸರು ಬೀದಿಗೂ ಹಬ್ಬಿ, ಮನೆಯವರೂ ಹಾಗೇ ಕರೆಯತೊಡಗಿದ್ದರು. ಪ್ರೆಸ್ಸು ಮುಚ್ಚಿದಾಗ ಆಕೆಗೆ ಐವತ್ತೊಂದು. ಮನೆಯಲ್ಲಿ ಕೂತು ಬಿಸ್ಕತ್ತಿನ ಪೊಟ್ಟಣದ ಮೇಲಿನ ತಪ್ಪುಗಳನ್ನು ಹುಡುಕುತ್ತಿದ್ದಳು, ಪಾಪ.

ಕಂಪನಿ ಇದ್ದದ್ದು ಹಾಸಿಗೆ ಅಂಗಡಿಯೊಂದರ ಮೇಲೆ. ಉದ್ದನೆಯ ಒಂದು ಕೋಣೆ, ಒಂಬತ್ತು ಮೇಜು, ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ ಮಾಡಿದ ಧ್ವನಿಮುದ್ರಣದ ಗೂಡು. ಮೊದಲ ದಿನ ಪ್ರೂಫಕ್ಕ ಕೆಂಪು ಪೆನ್ನು ತೆಗೆದುಕೊಂಡು ಕೂತರೆ ಯಜಮಾನಿ ಆಕೆಯ ಕೈಗೆ ಗೇಮ್ ಆಡಿಸುವ ಎರಡು ಕೊಂಬಿನ ಗುಂಡಿಪೆಟ್ಟಿಗೆಯೊಂದನ್ನು ಕೊಟ್ಟಳು.

"ಅಕ್ಕ, ಮೊದಲು ಆಡಿ. ಆಡದೇ ಇದ್ರೆ ಯಾರು ಯಾರಿಗೆ ಮಾತಾಡ್ತಿದ್ದಾರೆ ಅಂತ ಗೊತ್ತಾಗಲ್ಲ."

"ನಾನಾ? ಈ ವಯಸ್ಸಲ್ಲಾ?"

"ಗೇಮಿಗೆ ನಿಮ್ಮ ವಯಸ್ಸು ಗೊತ್ತಿಲ್ಲ."

ಮೊದಲ ಒಂದು ಗಂಟೆ ಪರದೆಯ ಮೇಲೆ ಪ್ರೂಫಕ್ಕ ಆಡಿಸುತ್ತಿದ್ದ ವೀರ ಗೋಡೆಗೆ ಹಣೆ ಚಚ್ಚಿಕೊಂಡೇ ನಡೆದ. ಆಮೇಲೆ ದಾರಿ ಸಿಕ್ಕಿತು. ದಾರಿಯಲ್ಲಿ ಒಬ್ಬೊಬ್ಬರಾಗಿ ಸಂಗಡಿಗರು ಸಿಕ್ಕರು. ಗುರಾಣಿ ಹಿಡಿದ ದೈತ್ಯದೇಹಿ, ಇಡೀ ದಿನಕ್ಕೆ ನಾಲ್ಕೇ ಮಾತು. ಜೇಬಿಗೆ ಕೈ ಹಾಕುತ್ತಲೇ ನಗಿಸುವ ಕಳ್ಳಿ. ಗಾಯಕ್ಕೆ ಮದ್ದು ಹಚ್ಚುವ ಮೆಲುಮಾತಿನ ವೈದ್ಯೆ. ಕೇಳದಿದ್ದರೂ ವಿವರಿಸುವ ಪಂಡಿತ. ತನ್ನ ಊರಿನ ಸುದ್ದಿ ಎತ್ತಿದರೆ ಮುಖ ತಿರುಗಿಸುವ ಬಿಲ್ಲುಗಾರ್ತಿ. ಕೊನೆಗೆ ಒಂದು ತೋಳ.

"ಎಲ್ಲ ಗೇಮಲ್ಲೂ ಹೆಚ್ಚುಕಮ್ಮಿ ಇವರೇ ಇರ್ತಾರೆ ಅಕ್ಕ," ಎಂದಳು ಯಜಮಾನಿ. "ಬಟ್ಟೆ ಬೇರೆ, ಅಷ್ಟೆ."

"ಗೇಮಲ್ಲಿ ಯಾಕೆ? ನಮ್ಮ ಪ್ರೆಸ್ಸಲ್ಲೇ ಇದ್ರಲ್ಲ!" ಪ್ರೂಫಕ್ಕ ಕುರ್ಚಿಯಲ್ಲಿ ಪೂರ್ತಿ ತಿರುಗಿ ಕೂತಳು. "ಯಂತ್ರ ಓಡಿಸೋನು ಥೇಟ್ ಈ ಗುರಾಣಿಯವನೇ. ಕಾಗದ ಹೊತ್ತು ಹಾಕೋನು, ಮಾತಿಲ್ಲ. ಪಂಡಿತ ನಮ್ಮ ಮ್ಯಾನೇಜರು. ಕಳ್ಳಿ ಬೈಂಡಿಂಗ್ ಮಾಡೋಳು, ನನ್ನ ಪೆನ್ನೆಲ್ಲ ಅವಳ ಹತ್ರಾನೇ ಸಿಗ್ತಿತ್ತು."

"ಮತ್ತೆ ತೋಳ?"

"ತೋಳ ಇರಲಿಲ್ಲ. ಇದ್ದಿದ್ರೆ ಚೆನ್ನಾಗಿರ್ತಿತ್ತು, ಕಾಗುಣಿತದ ತಪ್ಪಿಲ್ಲದೆ ಮಾತಾಡೋದು ಅದೊಂದೇ."

ಆ ವಾರ ಆಕೆಗೆ ಊಟದ ಹೊತ್ತು ಮರೆತುಹೋಯಿತು. ಗಂಡನಿಗೆ ಫೋನು ಮಾಡಿ ಮಾತಿನ ಮಧ್ಯೆ, "ಇರಿ, ಗುಹೆ ಬಂತು," ಎಂದು ಇಟ್ಟುಬಿಡುತ್ತಿದ್ದಳು. ಆದರೆ ಐದನೇ ದಿನ ಪೆನ್ನಿನ ತುದಿ ಕಚ್ಚಿಕೊಂಡು ಸುಮ್ಮನೆ ಕೂತಳು. ಏನೋ ಸರಿಯಿಲ್ಲ. ಕಾಗುಣಿತ ಸರಿಯಿದೆ, ವ್ಯಾಕರಣ ಸರಿಯಿದೆ, ಆದರೂ ಸಂಗಡಿಗರು ಸಂಗಡಿಗರಂತೆ ಕೇಳಿಸುತ್ತಿಲ್ಲ. ಆರಂಭದ ಸಾಲುಗಳನ್ನೂ ಕೊನೆಯ ಸಾಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಥಟ್ಟನೆ ಹೊಳೆಯಿತು. ಮೂಲ ಭಾಷೆಯಲ್ಲಿ ಎದುರಿಗಿರುವವರನ್ನು ಕರೆಯಲು ಇರುವುದು ಒಂದೇ ಪದ. ಅನುವಾದಕ ಅದನ್ನು ಎಲ್ಲ ಕಡೆಯೂ 'ನೀವು' ಮಾಡಿದ್ದ. ಕಳ್ಳಿ ವೀರನ ಜೇಬು ಕತ್ತರಿಸುತ್ತ 'ನೀವು' ಎನ್ನುತ್ತಾಳೆ. ಸಾಯುವಷ್ಟು ಪೆಟ್ಟು ತಿಂದು, ಹಿಮದಲ್ಲಿ ಒಂದೇ ಕಂಬಳಿ ಹೊದ್ದು, ಒಬ್ಬರನ್ನೊಬ್ಬರು ಹೊತ್ತು ನಡೆದ ಮೇಲೂ ಗುರಾಣಿಯವನು, "ದಯವಿಟ್ಟು ನೀವು ಹೊರಡಿ," ಎನ್ನುತ್ತಾನೆ.

"ಎಲ್ಲರೂ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಮಾತಾಡೋ ಹಾಗಿದೆ!" ಎಂದು ಆಕೆ ಎದ್ದೇ ನಿಂತಳು.

ಅನುವಾದಕ ಸಿಡುಕಿದ. ನಲವತ್ತರ ಆಸುಪಾಸಿನ, ಸದಾ ಕೊರಳಿಗೆ ಮಫ್ಲರು ಸುತ್ತಿಕೊಂಡಿರುತ್ತಿದ್ದ ಮನುಷ್ಯ. "ನಿಮಗೆ ಕೊಟ್ಟಿರೋದು ಕಾಗುಣಿತ ಮೇಡಂ. 'ನೀನು' ಅಂತ ಶುರು ಮಾಡಿದ್ರೆ ಬೆನ್ನಿಗೇ ಕಣೋ, ಕಣೇ ಬರುತ್ತೆ. ಆಡೋರು ವೀರನನ್ನ ಗಂಡು ಅಂತ ಆರಿಸ್ತಾರೋ ಹೆಣ್ಣು ಅಂತ ಆರಿಸ್ತಾರೋ ನಮಗೇನು ಗೊತ್ತು? 'ನೀವು' ಅಂದ್ರೆ ತಲೆನೋವಿಲ್ಲ."

"ತಲೆನೋವಿಲ್ಲ, ಸರಿ. ತಲೇನೂ ಇಲ್ಲ, ಎದೇನೂ ಇಲ್ಲ."

ಅಂದ ಮೇಲೆ ಆಕೆಗೇ ಜಾಸ್ತಿಯಾಯಿತೆನಿಸಿತು. ಅನುವಾದಕ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಹೊರಟುಹೋದ.

ಅಂದು ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಆಕೆಯ ಅಕ್ಕ ನಿಂತಿದ್ದಳು. ಮೇಲಿನ ಮನೆಯಲ್ಲಿ ಬಟ್ಟೆ ಹೊಲಿಯುವವಳು. ತಂಗಿ ತನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆಂದು ಎರಡು ಗಂಟೆಯಿಂದ ಚಪ್ಪಲಿ ಮೆಟ್ಟಿ ಕಾದಿದ್ದಳು. ಪ್ರೂಫಕ್ಕನಿಗೆ ಅದು ಪೂರ್ತಿ ಮರೆತುಹೋಗಿತ್ತು.

"ಅಯ್ಯೋ ಅಕ್ಕ, ಗುಹೆಯಲ್ಲಿ..."

"ಇರಲಿ ಬಿಡಿ," ಎಂದಳು ಅಕ್ಕ, ಗೋಡೆ ನೋಡುತ್ತ. "ನೀವು ದೊಡ್ಡ ಕೆಲಸದವರು. ನಿಮಗೆಲ್ಲಿ ಪುರುಸೊತ್ತು."

ಐವತ್ತು ವರ್ಷದಲ್ಲಿ ಮೊದಲ ಬಾರಿಗೆ ಅಕ್ಕನ ಬಾಯಲ್ಲಿ 'ನೀವು'. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮರುಕ್ಷಣವೇ ಪ್ರೂಫಕ್ಕನ ಕಣ್ಣು ಅಗಲವಾಯಿತು. ಬಿಲ್ಲುಗಾರ್ತಿ! ನಾಲ್ಕನೇ ಅಧ್ಯಾಯದಲ್ಲಿ ವೀರನ ಜೀವದ ಗೆಳತಿಯಾಗಿ, ಆರನೆಯದರಲ್ಲಿ ಎಲ್ಲರನ್ನೂ ಶತ್ರುವಿಗೆ ಒಪ್ಪಿಸುವವಳು ಅವಳು.

"ಅಕ್ಕ, ಅದನ್ನ ಇನ್ನೊಂದ್ಸಲ ಹೇಳು!"

"ಯಾವುದನ್ನ?"

"ಈಗ ಅಂದ್ಯಲ್ಲ, 'ನೀವು' ಅಂತ. ಅದೇ ದನೀಲಿ!"

"ನಿಂಗೇನು ಹುಚ್ಚು ಹಿಡೀತೇನೇ?"

ಪ್ರೂಫಕ್ಕ ಅಕ್ಕನನ್ನು ಅಪ್ಪಿಕೊಂಡು ಬಾಗಿಲಲ್ಲೇ ಕುಣಿದಳು. ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಅಕ್ಕನನ್ನು ಡಾಕ್ಟರ ಬಳಿ ಕರೆದೊಯ್ದಳು. ಅಕ್ಕ ಕಣ್ಣಿಗೆ ಹನಿ ಬಿಟ್ಟುಕೊಂಡು ಕೂತಿದ್ದಾಗ ಈಕೆ ಪಕ್ಕದ ಬೆಂಚಿನಲ್ಲಿ ಡಾಕ್ಟರ ಚೀಟಿಯ ಹಿಂಭಾಗದಲ್ಲಿ ಒಂದೇ ಸಮನೆ ಬರೆದಳು. ಕಳ್ಳಿ ಮೊದಲ ಮಾತಿನಿಂದಲೇ 'ನೀನು', ಅವಳಿಗೆ ರಾಜನೂ 'ನೀನೇ'. ಪಂಡಿತ ಎಲ್ಲರಿಗೂ 'ನೀನು', ವೀರ ಅವನನ್ನು ಬೆಂಕಿಯಿಂದ ಎಳೆದು ಉಳಿಸಿದ ಮೇಲೆ ನಾಚಿ 'ನೀವು'. ಗುರಾಣಿಯವನು ಇಡೀ ಆಟದಲ್ಲಿ 'ನೀವು', ಸೇತುವೆಯ ಮೇಲೆ ಮಾತ್ರ ಒಂದೇ ಒಂದು ಬಾರಿ 'ನೀನು'. ಬಿಲ್ಲುಗಾರ್ತಿ ಗೆಳತಿಯಾದಾಗಿನಿಂದ 'ನೀನು', ಒಪ್ಪಿಸಿಕೊಡುವ ಮುನ್ನ, ಬೆಂಕಿಯ ಪಕ್ಕ ಇಬ್ಬರೇ ಕೂತಿರುವಾಗ, 'ನೀವು'. ವೈದ್ಯೆಯ ಹೆಸರಿನ ಮುಂದೆ ಬಹಳ ಹೊತ್ತು ಏನೂ ಬರೆಯಲಿಲ್ಲ. ಕೊನೆಗೆ ಬರೆದಳು: ಎಂದಿಗೂ 'ನೀವು'.

ಚೀಟಿ ನೋಡಿ ಯಜಮಾನಿ ತಲೆಯ ಮೇಲೆ ಕೈಯಿಟ್ಟಳು. ಬಿಡುಗಡೆಗೆ ಹದಿನೇಳು ದಿನ ಉಳಿದಿತ್ತು. ಅರ್ಧಕ್ಕರ್ಧ ಧ್ವನಿ ಮುದ್ರಿಸಿ ಆಗಿತ್ತು. "ಒಂದು ದೃಶ್ಯ ಮಾಡಿ ತೋರಿಸಿ. ಎದೆಗೆ ತಟ್ಟಿದ್ರೆ ನೋಡೋಣ."

ಗುರಾಣಿಯವನಿಗೆ ಧ್ವನಿ ಕೊಡುತ್ತಿದ್ದವನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಮೂವತ್ತು ವರ್ಷ ಕಲಿಯುವವರ ಪಕ್ಕ ಕೂತು ಕೂಗಿ ಕೂಗಿ ಗಂಟಲು ಜಲ್ಲಿಕಲ್ಲಿನಂತಾಗಿತ್ತು. ಪ್ರೂಫಕ್ಕ ವಿವರಿಸಲು ಹೊರಟರೆ ಆತ ಕೈ ಅಡ್ಡ ಹಿಡಿದ.

"ಗೊತ್ತಾಯ್ತು ಬಿಡಿ. ಮೊದಲ ದಿನ ನಾನು, 'ನೀವು ನಿಧಾನಕ್ಕೆ ಕ್ಲಚ್ ಬಿಡಿ,' ಅಂತೀನಿ. ಎದುರಿಂದ ಲಾರಿ ಬಂದಾಗ, 'ಒತ್ತೋ ಬ್ರೇಕು!' ಅಂತೀನಿ. ಇದೂ ಅದೇ ತಾನೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಮೇಷ್ಟ್ರು ಗೂಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡ. ಪರದೆಯ ಮೇಲೆ ಸೇತುವೆ ಉರಿಯುತ್ತಿತ್ತು. ವೀರ ಮೊಣಕಾಲೂರಿದ್ದ. ಗುರಾಣಿಯವನು ಬೆನ್ನು ತಿರುಗಿಸಿ ನಿಂತ.

"ಹೊರಡಿ," ಎಂದಿತು ಆ ಜಲ್ಲಿಕಲ್ಲಿನ ದನಿ. ವೀರ ಕದಲಲಿಲ್ಲ. ಆಮೇಲೆ, ಬಹಳ ಮೆಲ್ಲಗೆ: "ನೀನು ಬದುಕಬೇಕು. ಹೋಗು."

ಯಜಮಾನಿ ಕಣ್ಣು ಮೂಗು ಒರೆಸಿಕೊಂಡಳು. ಮೊದಲು ಮಾತಾಡಿದವನು ಅನುವಾದಕ.

"ಇಲ್ಲಿ 'ಹೋಗೋ' ಹಾಕದೆ 'ಹೋಗು' ಹಾಕಿದ್ದು ಒಳ್ಳೇದಾಯ್ತು. ಗಂಡಿಗೂ ಹೆಣ್ಣಿಗೂ ಆಗುತ್ತೆ." ಕೆಮ್ಮಿ ಗಂಟಲು ಸರಿ ಮಾಡಿಕೊಂಡು ಮುಂದುವರಿಸಿದ. "ಆದರೆ ಕಳ್ಳಿಗೆ ಕಣೋ, ಕಣೇ ಬೇಕೇ ಬೇಕು. ಅದಿಲ್ಲದೆ ಅವಳು ಕಳ್ಳೀನೇ ಅಲ್ಲ. ಅವಳದ್ದನ್ನ ಎರಡೆರಡು ಸಲ ಮುದ್ರಿಸೋಣ. ಪಟ್ಟಿ ನಾನು ಮಾಡ್ತೀನಿ."

ಪ್ರೂಫಕ್ಕ ಆತನ ಕಡೆ ನೋಡಿದಳು. ಕೊರಳಲ್ಲಿ ಮಫ್ಲರು ಇರಲಿಲ್ಲ, ಎಲ್ಲೋ ಬಿಚ್ಚಿಟ್ಟಿದ್ದ. "ನಾನು ಅವತ್ತು ಅಂದದ್ದು ಜಾಸ್ತಿಯಾಯ್ತು," ಎಂದಳು.

"ಜಾಸ್ತಿಯಾಯ್ತು," ಎಂದ ಆತ. "ಆದರೆ ತಪ್ಪಿರಲಿಲ್ಲ."

ಆ ಹದಿನೇಳು ದಿನ ಹೇಗೆ ಹೋದವೆಂದು ಯಾರಿಗೂ ತಿಳಿಯಲಿಲ್ಲ. ನಾಲ್ಕು ಸಾವಿರದ ನೂರಹನ್ನೆರಡು ಸಾಲು ಬದಲಾಯಿಸಬೇಕಿತ್ತು. 'ನೀವು' ತೆಗೆದು 'ನೀನು' ಹಾಕಿದರೆ ಮುಗಿಯುವುದಿಲ್ಲವಲ್ಲ, ಕ್ರಿಯಾಪದದ ಬಾಲವೂ ತಿರುಗಬೇಕು. ಬಂದಿರಿ ಬಂದೆಯಾಗಬೇಕು, ನಿಮ್ಮ ಕತ್ತಿ ನಿನ್ನ ಕತ್ತಿಯಾಗಬೇಕು, ಒಂದು ಉಳಿದುಹೋದರೂ ಮೊಸರಿನಲ್ಲಿ ಕೂದಲು. ಕಳ್ಳಿಯ ದನಿಯವಳು, "ನಿನ್ನ ಜೇಬು ತೂತು ಕಣೋ," "ನಿನ್ನ ಜೇಬು ತೂತು ಕಣೇ," ಎಂದು ಬೆಳಗಿನಿಂದ ಹೇಳಿ ಹೇಳಿ ಊಟಕ್ಕೆ ಕೂತಾಗ ಯಜಮಾನಿಗೂ ಕಣೇ ಅಂದುಬಿಟ್ಟಳು. ಯಜಮಾನಿ ನಕ್ಕಳು, ಅಂದಿನಿಂದ ಅವರಿಬ್ಬರ ನಡುವೆ ಅದೇ ಉಳಿಯಿತು. ವೈದ್ಯೆಯ ವಿಷಯಕ್ಕೆ ಮಾತ್ರ ದೊಡ್ಡ ಜಗಳವೇ ಆಯಿತು. ಕೊನೆಯಲ್ಲಾದರೂ ಆಕೆ 'ನೀನು' ಎನ್ನಲಿ ಎಂದು ಎಲ್ಲರದೂ ಒತ್ತಾಯ.

"ಅನ್ನಲ್ಲ," ಎಂದಳು ಪ್ರೂಫಕ್ಕ. "ಕೆಲವರು ಹಾಗೇ. ನಮಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತಾರೆ, 'ನೀವು' ಬಿಡಲ್ಲ. ಅವರ ಪ್ರೀತಿ ಅದರೊಳಗೇ ಇರುತ್ತೆ."

ಅನುವಾದಕ ತನ್ನ ಪಟ್ಟಿಯಲ್ಲಿ ವೈದ್ಯೆಯ ಹೆಸರಿನ ಮುಂದೆ 'ನೀವು' ಎಂದೇ ಬರೆದುಕೊಂಡ.

ಬಿಡುಗಡೆಗೆ ಎರಡು ದಿನ ಇರುವಾಗ ಹೊರಗಿನ ಹನ್ನೆರಡು ಮಂದಿಯನ್ನು ಕರೆಸಿ ನಾಲ್ಕನೇ ಅಧ್ಯಾಯದಿಂದ ಆಡಿಸಿದರು. ಪ್ರೂಫಕ್ಕ ಹಿಂದೆ ಗೋಡೆಗೊರಗಿ ನಿಂತಿದ್ದಳು, ಕೈಯೊಳಗಿನ ಕರವಸ್ತ್ರ ಹಿಂಡಿ ಹಿಂಡಿ ಹಗ್ಗವಾಗಿತ್ತು. ಆಕೆಯ ಮುಂದೆ ಕೂತಿದ್ದವಳು ಬಸ್ ಓಡಿಸುವವಳು, ರಟ್ಟೆ ಗಟ್ಟಿ, ಮಾತು ಕಮ್ಮಿ. ಮಧ್ಯಾಹ್ನದ ಹೊತ್ತಿಗೆ ಅವಳು ಆರನೇ ಅಧ್ಯಾಯ ತಲುಪಿದಳು. ಬೆಂಕಿಯ ಪಕ್ಕ ಬಿಲ್ಲುಗಾರ್ತಿ ತನ್ನ ಬಾಣಗಳ ಗರಿ ನೇವರಿಸುತ್ತ ಹೇಳಿದಳು: "ನೀವು ದಣಿದಿದ್ದೀರಿ. ಮಲಗಿ. ಕಾವಲು ನಾನು ನೋಡಿಕೊಳ್ಳುತ್ತೇನೆ."

ಬಸ್ಸಿನವಳ ಹೆಬ್ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು.

"ಇವಳ್ಯಾಕೆ ನನಗೆ 'ನೀವು' ಅಂದಳು?"

ಅವಳು ಮುಂದಕ್ಕೆ ಬಾಗಿ ಪರದೆಗೆ ಮುಖ ತಂದಳು. "ಇಷ್ಟು ಹೊತ್ತೂ ನೀನು ನೀನು ಅಂತಿದ್ದೋಳು... ಏಯ್, ಏನೋ ಮಾಡಿದ್ದಾಳೆ ಇವಳು. ಏನೋ ಇದೆ. ನಾನು ಮಲಗಲ್ಲ!"

ಪ್ರೂಫಕ್ಕನ ಬಾಯಿಂದ ಚೀತ್ಕಾರವೊಂದು ಹೊರಬಂತು. ಯಜಮಾನಿ ಆಕೆಯ ತೋಳನ್ನು ಉಗುರು ನಾಟುವಷ್ಟು ಹಿಡಿದುಕೊಂಡಿದ್ದಳು. ಅನುವಾದಕ ಗಾಳಿಯಲ್ಲಿ ಮುಷ್ಟಿ ಬೀಸಿದ. ಮೂಲ ಭಾಷೆಯಲ್ಲಿ ಆಡಿದವರಿಗೆ ಆ ದ್ರೋಹದ ಸುಳಿವು ಸಿಗುವುದು ಇನ್ನೂ ಅರ್ಧ ಗಂಟೆ ಕಳೆದ ಮೇಲೆ. ನಮ್ಮ ಬಸ್ಸಿನವಳಿಗೆ ಒಂದೇ ಪದದಲ್ಲಿ ವಾಸನೆ ಬಡಿದಿತ್ತು!

ಆಟ ಬಿಡುಗಡೆಯಾಗಿ ಚೆನ್ನಾಗಿಯೇ ಓಡಿತು. ಸೇತುವೆಯ 'ನೀನು' ಕೇಳಲೆಂದೇ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಆಡಿದವರ ಕಾಗದಗಳು ಬಂದವು. ಎರಡು ತಿಂಗಳಿಗೆಂದು ಬಂದ ಪ್ರೂಫಕ್ಕನಿಗೆ ಕಿಟಕಿಯ ಪಕ್ಕದ ಮೇಜು ಕಾಯಂ ಆಯಿತು, ಜೊತೆಗೆ ಸ್ವಂತ ಗುಂಡಿಪೆಟ್ಟಿಗೆಯೂ.

ಮುಂದಿನ ಆಟದ ಮಾತುಗಳು ಬಂದ ಬೆಳಗ್ಗೆ ಆಕೆ ಮೊದಲ ಪುಟದಲ್ಲೇ ನಿಂತಳು. ಈ ಸಲದ ಸಂಗಡಿಗರಲ್ಲಿ ವೀರನ ಹಿರಿಯ ಬಂಧುವೊಬ್ಬಳಿದ್ದಳು, ಕತ್ತಿವರಸೆಯಲ್ಲಿ ಪಳಗಿದವಳು. ಆದರೆ ಅವಳಿಗೆ ಮೂಲದಲ್ಲಿದ್ದದ್ದು ಅಮ್ಮನ ಕಡೆಗೂ ಅಪ್ಪನ ಕಡೆಗೂ ಸಲ್ಲುವ ಒಂದೇ ಪದ. ಪ್ರೂಫಕ್ಕ ಯಜಮಾನಿಯಿಂದ ಮೂಲ ಕಂಪನಿಗೆ ಪ್ರಶ್ನೆ ಬರೆಸಿದಳು. ಇವಳು ತಾಯಿಯ ಕಡೆಯವಳೋ ತಂದೆಯ ಕಡೆಯವಳೋ? ಒಡಹುಟ್ಟಿದವಳೋ ಮದುವೆಯಾಗಿ ಬಂದವಳೋ? ವೀರನ ತಾಯಿಗಿಂತ ದೊಡ್ಡವಳೋ ಚಿಕ್ಕವಳೋ?

ಎರಡು ದಿನದ ಮೇಲೆ ಉತ್ತರ ಬಂತು. ಯಜಮಾನಿ ಅದನ್ನು ಗಟ್ಟಿಯಾಗಿ ಓದಿದಳು: "ನಾವು ಯೋಚಿಸಿಯೇ ಇರಲಿಲ್ಲ. ನೀವೇ ತೀರ್ಮಾನಿಸಿ."

ಪ್ರೂಫಕ್ಕ ಕುರ್ಚಿಯಿಂದ ಜಿಗಿದಳು. "ಕೇಳಿಸ್ತಾ? ನಾವೇ ತೀರ್ಮಾನಿಸಬಹುದಂತೆ! ಎಲ್ಲಿ ಅನುವಾದಕರು? ಕರೀರಿ ಅವರನ್ನ. ದೊಡ್ಡಮ್ಮನೋ, ಚಿಕ್ಕಮ್ಮನೋ, ಸೋದರತ್ತೆಯೋ? ಸೋದರತ್ತೆ ಆದ್ರೆ ಇಡೀ ಕಥೇನೇ ಬೇರೆ!"

ಅನುವಾದಕ ಲೋಟ ಹಿಡಿದುಕೊಂಡೇ ಓಡಿಬಂದ. "ಸೋದರತ್ತೆ," ಎಂದ ಏದುಸಿರು ಬಿಡುತ್ತ. "ಕಣ್ಣು ಮುಚ್ಚಿಕೊಂಡು ಸೋದರತ್ತೆ ಅನ್ನಿ."

"ಕಣ್ಣು ತೆರೆದುಕೊಂಡು ಜಗಳ ಆಡೋಣ, ಕೂತ್ಕೊಳ್ಳಿ," ಎಂದು ಪ್ರೂಫಕ್ಕ ಆತನಿಗೊಂದು ಕುರ್ಚಿ ಎಳೆದಳು.